ಪ್ರೀ-ವರ್ಕೌಟ್ ಪುಡಿ ಬಾಯಿಗೆ ಹಾಕುವ ಮುಂಚೆ ಇದನ್ನು ಓದಿ

ಜಿಮ್‌ಗೆ ಹೋಗುವವರು, ನೈಟ್ ಶಿಫ್ಟ್ ಮಾಡುವವರು, ಪರೀಕ್ಷೆಗೆ ಅಂತ ನಿದ್ದೆಗೆಟ್ಟು ಓದುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ನನ್ನ ತಮ್ಮ ಕೆಫೀನ್ (ಕಾಫಿ, ಟೀಯಲ್ಲಿರುವ ಉತ್ತೇಜಕ) ಜಾಸ್ತಿಯಾಗಿ ಐಸಿಯು ಸೇರಿದ್ದ. ಗಟ್ಟಿಮುಟ್ಟಾದ ಹುಡುಗ, ಬಿಪಿ, ಶುಗರ್ ಏನೂ ಇಲ್ಲ.

ಅವತ್ತು ಮಧ್ಯಾಹ್ನ ತಲೆನೋವು ಅಂತ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದಾನೆ. ಸಂಜೆ ಒಂದು ಎನರ್ಜಿ ಡ್ರಿಂಕ್. ಆಮೇಲೆ ಜಿಮ್‌ನಲ್ಲಿ ಯಾರೋ ಪರಿಚಯದವರು ಲೇಬಲ್ಲೇ ಇಲ್ಲದ ಕವರಿನಲ್ಲಿ ಕೊಟ್ಟ ಪ್ರೀ-ವರ್ಕೌಟ್ ಪುಡಿ (ವ್ಯಾಯಾಮಕ್ಕೆ ಮುಂಚೆ ಚುರುಕು ಬರಲಿ ಅಂತ ತೆಗೆದುಕೊಳ್ಳುವುದು), ಎರಡು ಸ್ಕೂಪ್, ಅದೂ ಖಾಲಿ ಹೊಟ್ಟೆಯಲ್ಲಿ. ಸ್ವಲ್ಪ ಹೊತ್ತಿಗೇ ಕೈ ನಡುಗಲು ಶುರುವಾಗಿ, ಎದೆ ಡವಡವ ಹೊಡೆದುಕೊಂಡು, ಮೈಯೆಲ್ಲ ಬೆವರಿ, ಒಂದೇ ಸಮನೆ ವಾಂತಿ. ಜೊತೆಯಲ್ಲಿದ್ದವರು "ಮಲಗು, ಸರಿಹೋಗುತ್ತೆ" ಅಂದರಂತೆ. ಆಸ್ಪತ್ರೆಗೆ ಬರುವಷ್ಟರಲ್ಲಿ ಹೃದಯದ ಬಡಿತ ಲಯ ತಪ್ಪಿತ್ತು, ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು. ಈಗ ಹುಷಾರಾಗಿದ್ದಾನೆ.

ತಲೆನೋವಿನ ಕೆಲವು ಮಾತ್ರೆಗಳಲ್ಲೂ ಕೆಫೀನ್ ಇರುತ್ತದೆ ಅಂತ ಎಷ್ಟು ಜನರಿಗೆ ಗೊತ್ತು? ಆರೋಗ್ಯವಾಗಿರುವ ದೊಡ್ಡವರಿಗೆ ಇಡೀ ದಿನಕ್ಕೆ 400 ಮಿಲಿಗ್ರಾಂ, ಒಂದು ಸಲಕ್ಕೆ 200 ಮಿಲಿಗ್ರಾಂ ಮೀರಬಾರದು ಅನ್ನುತ್ತಾರೆ. ಬಸುರಿಯರಿಗೆ ದಿನಕ್ಕೇ 200. ನಮ್ಮ ದೇಶದ ನಿಯಮದ ಪ್ರಕಾರ ಎನರ್ಜಿ ಡ್ರಿಂಕಿನಲ್ಲಿ ಲೀಟರಿಗೆ 300 ಮಿಲಿಗ್ರಾಂ ದಾಟುವಂತಿಲ್ಲ, ಅಂದರೆ 250 ಮಿಲೀ ಕ್ಯಾನಿನಲ್ಲಿ ಹೆಚ್ಚೆಂದರೆ 75. ಆದರೆ ಪ್ರೀ-ವರ್ಕೌಟ್‌ನ ಒಂದೇ ಸ್ಕೂಪಿನಲ್ಲಿ 200, 300 ಇರಬಹುದು! ಒಳಗೆ ಹೋದದ್ದು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು, ಹಾಗಾಗಿ ಮಧ್ಯಾಹ್ನದ್ದರ ಮೇಲೆ ಸಂಜೆಯದ್ದು ಸೇರಿಕೊಳ್ಳುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಆ್ಯಂಟಿಬಯೋಟಿಕ್ ಅಥವಾ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇನ್ನೂ ನಿಧಾನ.

ಬರೀ ಕೆಫೀನ್ ಪುಡಿಯನ್ನಂತೂ ಮುಟ್ಟಲೇಬೇಡಿ. ಅದರ ಒಂದು ಟೀ ಚಮಚ ಸುಮಾರು 28 ಕಪ್ ಕಾಫಿಗೆ ಸಮ. 2015ರಲ್ಲಿ ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ದಶಾಂಶದ ಚುಕ್ಕಿ ತಪ್ಪಿ, ಇಬ್ಬರು ವಿದ್ಯಾರ್ಥಿಗಳಿಗೆ 0.3 ಗ್ರಾಂ ಬದಲು 30 ಗ್ರಾಂ ಕೊಟ್ಟುಬಿಟ್ಟರು. ಐಸಿಯು, ಡಯಾಲಿಸಿಸ್ ಎಲ್ಲ ಆಗಿ ಹೇಗೋ ಬದುಕಿಕೊಂಡರು. ಲ್ಯಾಬಿನಲ್ಲಿ ಅಳೆಯುವವರಿಗೇ ಹೀಗಾದರೆ, ಅಡುಗೆಮನೆ ಚಮಚದಲ್ಲಿ ಅಳೆಯುವವರ ಗತಿ ಏನು?

ಎದೆ ಬಡಿತ ಜೋರಾಗಿದ್ದು ಕಡಿಮೆಯಾಗದಿದ್ದರೆ, ವಾಂತಿ ನಿಲ್ಲದಿದ್ದರೆ, ಗೊಂದಲವಾಗಿ ಮಾತಾಡುತ್ತಿದ್ದರೆ, ಫಿಟ್ಸ್ ಬಂದರೆ ಮಜ್ಜಿಗೆ, ಲಿಂಬೆ ಪಾನಕ ಅಂತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ತಿಂದ ಪುಡಿಯ ಡಬ್ಬಿ, ಮಾತ್ರೆಯ ಸ್ಟ್ರಿಪ್ ಎರಡನ್ನೂ ಜೊತೆಗೇ ಒಯ್ಯಿರಿ. ತಮ್ಮನ ಕವರನ್ನು ಯಾರೋ ಆಗಲೇ ಬಿಸಾಡಿದ್ದರು, ಅದರಲ್ಲಿ ಏನೇನಿತ್ತು ಅಂತ ಡಾಕ್ಟರಿಗೆ ಹೇಳಲು ಯಾರಿಗೂ ಆಗಲಿಲ್ಲ.