ಹೊಸೂರಿನ ಹೊಗೆ ಅಳೆಯಲು ಯಾವ ದಾರಿ?

ತಮಿಳುನಾಡಿನ ಹೊಸೂರಿನ ಗಾಳಿಗೆ ಎಷ್ಟು ಹೊಗೆ ಸೇರುತ್ತಿದೆ ಎಂದು ತಿಳಿಯಲು ಸೆನ್ಸರ್ ಕೊಳ್ಳಬೇಕಾ, ಉಪಗ್ರಹದ ಮಾಹಿತಿ ಸಾಕಾ, ಇಲ್ಲ ವಾಹನ ಎಣಿಸಬೇಕಾ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಉಪಗ್ರಹವೇ ಸರಿ. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಮಾಹಿತಿ ಪುಕ್ಕಟೆ. ದಿನಕ್ಕೊಮ್ಮೆ, ಮಧ್ಯಾಹ್ನ ಒಂದೂವರೆ ಸುಮಾರಿಗೆ, ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲವನ್ನು ನೋಡುತ್ತದೆ. ಆದರೆ ಅದರ ಚಿತ್ರದ ಒಂದು ಚುಕ್ಕೆಯೇ (ಪಿಕ್ಸೆಲ್) ಸುಮಾರು 5.5 ಕಿಮೀ ಉದ್ದ, 3.5 ಕಿಮೀ ಅಗಲ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಹೊಗೆ ಯಾವುದು, ಹೆದ್ದಾರಿಯದ್ದು ಯಾವುದು, ಅದಕ್ಕೆ ಗೊತ್ತಾಗಲ್ಲ. ಮಳೆಗಾಲದಲ್ಲಂತೂ ಮೋಡ ಅಡ್ಡ.

ಸೆನ್ಸರ್ ನಿಮ್ಮ ಬೀದಿಯ ಪಿಎಂ 2.5 ಅನ್ನು, ಅಂದರೆ ಅತಿ ಸಣ್ಣ ಧೂಳಿನ ಕಣಗಳನ್ನು, ನಿಮಿಷ ನಿಮಿಷಕ್ಕೂ ಹೇಳುತ್ತದೆ. ಬಳಸುವುದೂ ಸುಲಭ. ಅಗ್ಗದ್ದಾದರೆ ಮಂಜಿನ ಬೆಳಿಗ್ಗೆ ತೇವವನ್ನೂ ಧೂಳೆಂದು ಎಣಿಸಿ ಜಾಸ್ತಿ ತೋರಿಸುತ್ತದೆ. ಗಾಳಿಯಲ್ಲಿ ಎಷ್ಟಿದೆ ಎನ್ನುತ್ತದೆಯೇ ಹೊರತು ಯಾರು ಬಿಟ್ಟದ್ದು ಎನ್ನುವುದಿಲ್ಲ. ಬೆಂಗಳೂರಿನ ಹೊಗೆ ಅತ್ತಿಬೆಲೆ ಗಡಿಯಲ್ಲಿ ನಿಲ್ಲುವುದಿಲ್ಲ ಅಲ್ವಾ!

ವಾಹನ ಎಣಿಸಿ ಲೆಕ್ಕ ಹಾಕುವ ದಾರಿ ಬೇಸರದ್ದು. ಗಡಿ ಬಳಿಯ ಜೂಜುವಾಡಿಯಲ್ಲಿ ನಿಂತು ಲಾರಿ, ಬಸ್ಸು, ಬೈಕು ಬೇರೆ ಬೇರೆ ಎಣಿಸಬೇಕು. ಅದನ್ನು ಓಡಿದ ಕಿಲೋಮೀಟರ್‌ನಿಂದ, ಮತ್ತೆ ಕಿಲೋಮೀಟರ್‌ಗೆ ಎಷ್ಟು ಗ್ರಾಂ ಹೊಗೆ ಎಂಬ ಅಂಕಿಯಿಂದ ಗುಣಿಸಬೇಕು. ಹಳೇ ಲಾರಿಯನ್ನು ಹೊಸದೆಂದು ಬರೆದುಕೊಂಡರೆ ಮೊತ್ತವೇ ತಪ್ಪು. ಆದರೂ ಯಾವುದನ್ನು ಮೊದಲು ತಗ್ಗಿಸಬೇಕು ಎಂದು ಪಾಲಿಕೆಯ ಮುಂದೆ ಕೂತು ಮಾತಾಡಲು ಇದೇ ಬೇಕು.

ಶಾಲೆಯ ಬಳಿಯ ಗಾಳಿಯಷ್ಟೇ ಚಿಂತೆಯಾದರೆ ಸೆನ್ಸರ್ ಸಾಕು, ಸುಮ್ನೆ ಲೆಕ್ಕಕ್ಕೆ ಇಳಿಯಬೇಡಿ. ವರ್ಷಗಳ ಏರಿಳಿತ ನೋಡಲು ಉಪಗ್ರಹ.