ಇಟಲಿ ಏಕೀಕರಣದ ನೋಟ್ಸ್: ಕತ್ತಾನೆಯೊ ಭಾಗಕ್ಕಾಗಿ ಕೊಳ್ಳಬಹುದು

ಬಳ್ಳಾರಿಯ ಝೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡ್ ಹಾಕಿ ಮಾರುತ್ತಿರುವ ಈ ನೋಟ್ಸ್ ಪದವಿಯವರಿಗೂ ಕೆಎಎಸ್‌ಗೆ ಓದುವವರಿಗೂ ಉಪಯೋಗಕ್ಕೆ ಬರುತ್ತದೆ. ಹರಿದುಹಂಚಿಹೋಗಿದ್ದ ಇಟಲಿಯನ್ನು 19ನೇ ಶತಮಾನದಲ್ಲಿ ಒಂದಾಗಿಸಲು ದುಡಿದ ಮ್ಯಾಝಿನಿ, ಕವೂರ್, ಗ್ಯಾರಿಬಾಲ್ಡಿ ಬಗ್ಗೆ ಬೇರೆ ಗೈಡುಗಳಲ್ಲಿ ಇರುವಷ್ಟೇ ಇಲ್ಲೂ ಇದೆ. ಕೊಳ್ಳಬೇಕಾದದ್ದು ಕಾರ್ಲೊ ಕತ್ತಾನೆಯೊ (1801–1869) ಭಾಗಕ್ಕಾಗಿ.

ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಮಿಲಾನ್‌ನ ಈ ವಿದ್ವಾಂಸ ಏಕೀಕರಣದ ಶತ್ರುವಲ್ಲ. ಆಸ್ಟ್ರಿಯಾ ತೊಲಗಲೇಬೇಕು, ಆದರೆ ಆ ಗದ್ದುಗೆಗೆ ನೆರೆಯ ಪೀಡ್‌ಮಾಂಟ್ ರಾಜ್ಯದ ರಾಜ ಬಂದು ಕೂತರೆ ಊರೂರಿನ ಆಡಳಿತ, ಕಾನೂನು ಏನಾಗಬೇಕು ಎಂಬುದು ಅವನ ಅನುಮಾನ. ಅವನು ಬಯಸಿದ್ದು ಸ್ವಿಟ್ಜರ್ಲೆಂಡ್ ಮಾದರಿಯ ಒಕ್ಕೂಟ. ನೋಟ್ಸ್ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದೆ.

ದೊಡ್ಡ ತಪ್ಪು ಇರುವುದು 1848ರ ಪುಟದಲ್ಲಿ. ರಾಜ ಯುದ್ಧ ಸಾರಿದ ಮೇಲೆ ಮಿಲಾನ್ ದಂಗೆ ಎದ್ದಿತು ಎಂದು ಅಚ್ಚಾಗಿದೆ. ನಡೆದದ್ದು ತಿರುಗುಮುರುಗು. ಮಾರ್ಚ್ 18ರಿಂದ 22ರವರೆಗೆ ಜನ ಬೀದಿಗಳಲ್ಲಿ ಅಡ್ಡಗಟ್ಟೆ ಕಟ್ಟಿ ಆಸ್ಟ್ರಿಯಾದ ಸೇನಾಪತಿ ರಾಡೆಟ್‌ಸ್ಕಿಯ ಸೈನ್ಯವನ್ನು ಹೊರಹಾಕಿದರು. ದಂಗೆಕೋರರ ಯುದ್ಧ ಸಮಿತಿಯಲ್ಲಿದ್ದ ಕತ್ತಾನೆಯೊ ಕದನವಿರಾಮ ಬೇಡವೆಂದ. ಪೀಡ್‌ಮಾಂಟ್‌ನ ರಾಜ ಚಾರ್ಲ್ಸ್ ಆಲ್ಬರ್ಟ್ ಯುದ್ಧ ಸಾರಿದ್ದು 23ರಂದು. ಜುಲೈಯಲ್ಲಿ ಕುಸ್ತೋಝಾದಲ್ಲಿ ಸೋತ. ಆಗಸ್ಟ್‌ನಲ್ಲಿ ಮಿಲಾನ್ ಮತ್ತೆ ಆಸ್ಟ್ರಿಯಾ ಕೈಗೆ ಹೋಯಿತು. ಈ ಕ್ರಮ ತಪ್ಪಿದರೆ ರಾಜನ ಮೇಲೆ ಕತ್ತಾನೆಯೊಗಿದ್ದ ಅಪನಂಬಿಕೆಗೆ ಬುಡವೇ ಇಲ್ಲದಂತಾಗುತ್ತದೆ. ಕೊಂಡ ಕೂಡಲೇ ಪೆನ್ನಿನಲ್ಲಿ ತಿದ್ದಿಕೊಳ್ಳಿ.

ನಕ್ಷೆಯೂ ಕೈಕೊಟ್ಟಿದೆ. ಬಣ್ಣದ ನಕ್ಷೆಯನ್ನು ಕಪ್ಪುಬಿಳುಪಿನಲ್ಲಿ ತೆಗೆದಿದ್ದರಿಂದ ಪೀಡ್‌ಮಾಂಟ್, ಲೊಂಬಾರ್ಡಿ ಎರಡೂ ಒಂದೇ ಬೂದುಬಣ್ಣಕ್ಕೆ ಬಂದು, ನಡುವಿನ ಗಡಿ ತಿಚೀನೊ ನದಿ ಅಳಿಸಿಹೋಗಿದೆ. ನೀಲಿ ಪೆನ್ಸಿಲ್‌ನಿಂದ ನದಿ ಎಳೆದುಕೊಂಡು, ಪೂರ್ವಕ್ಕೆ ಆಸ್ಟ್ರಿಯಾದ ಲೊಂಬಾರ್ಡಿ-ವೆನೀಷಿಯಾ, ಪಶ್ಚಿಮಕ್ಕೆ ಪೀಡ್‌ಮಾಂಟ್ ಎಂದು ಬೇರೆ ಬೇರೆ ಬಣ್ಣ ತುಂಬಿ.

1860ರ ನೇಪಲ್ಸ್ ಭಾಗ ಚಿಕ್ಕದಾದರೂ ಸರಿಯಾಗಿದೆ. ಪೀಡ್‌ಮಾಂಟ್ ರಾಜನ ಆಳ್ವಿಕೆಗೆ ಸೇರಬೇಕೇ ಎಂಬ ಅಕ್ಟೋಬರ್ 21ರ ಜನಮತಕ್ಕೆ ಮೊದಲು ಅಲ್ಲಿಗೆ ಹೋದ ಕತ್ತಾನೆಯೊ, ಅವಸರದ ವಿಲೀನ ಬೇಡ ಎಂದ. ನೇಪಲ್ಸ್ ಗೆದ್ದಿದ್ದ ಗ್ಯಾರಿಬಾಲ್ಡಿ ಒಪ್ಪಲಿಲ್ಲ. ಸಂಸತ್ತಿಗೆ ಆಯ್ಕೆಯಾದರೂ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡದೆ ಕತ್ತಾನೆಯೊ ಹೊರಗೇ ಉಳಿದ. ಆದರೆ ಇಡೀ ಇಟಲಿಗೆ ಒಂದೇ ಆಡಳಿತ ತಂದ 1865ರ ಏಕರೂಪ ಕಾನೂನುಗಳ ಮಾತೇ ಇಲ್ಲ. ಅವನ ಅನುಮಾನ ಎಷ್ಟು ನಿಜವಾಯಿತೆಂದು ಅಳೆಯಲು ಅದು ಬೇಕೇ ಬೇಕು.

ಬೇರೆ ಬೇರೆ ಆಡಳಿತದ ಊರುಗಳು ಒಂದಾದಾಗಿನ ಈ ತೊಡಕನ್ನು ನಮ್ಮ ಭಾಗದ ಹುಡುಗರಿಗೆ ತಿಳಿಸುವುದು ಕಷ್ಟವೇನಲ್ಲ. 1953ರಲ್ಲಿ ಬಳ್ಳಾರಿ ಮದ್ರಾಸಿನಿಂದ, 1956ರಲ್ಲಿ ರಾಯಚೂರು, ಕೊಪ್ಪಳ ಹೈದರಾಬಾದಿನಿಂದ ಬಂದು ಮೈಸೂರು ರಾಜ್ಯಕ್ಕೆ ಸೇರಿದವು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬೇಕಾಯಿತು. ಮುಂದಿನ ಮುದ್ರಣದಲ್ಲಿ ಈ ಹೋಲಿಕೆಗೆ ಅರ್ಧ ಪುಟ ಕೊಟ್ಟರೆ ಒಳ್ಳೆಯದು. ಹತ್ತು ಅಂಕದ ಉತ್ತರ ಬರೆಯುವವರು ಕತ್ತಾನೆಯೊನನ್ನು ಕೊನೆಯ ಸಾಲಿಗೆ ತಳ್ಳದೆ, 1848ರ ಸೋಲಿನ ಕಾರಣಗಳಲ್ಲೇ ತರಬೇಕು.