ಟೊಮ್ಯಾಟೊ ಎಲೆ ಫೋಟೋ ನೋಡಿ ರೋಗ ಹೇಳೋ ಎಐ ಆಪ್: ಎರಡು ಬೆಳೆ ಬಳಸಿದ ಮೇಲೆ ಬರೀತಿರೋದು

ನಮ್ದು ಕೋಲಾರ ತಾಲೂಕು, ವೇಮಗಲ್ ಕಡೆ, ಒಂದೂವರೆ ಎಕರೆ ಟೊಮ್ಯಾಟೊ. ಎಲೆ ಫೋಟೋ ಹೊಡೆದ್ರೆ ಏನು ರೋಗ, ಏನು ಔಷಧಿ ಹೊಡೀಬೇಕು ಅಂತ ಹೇಳೋ ಎಐ ಆಪ್ ಒಂದನ್ನ ಎರಡು ಬೆಳೆಯಿಂದ ಬಳಸ್ತಿದೀವಿ. ಹೆಸರು ಹಾಕ್ತಿಲ್ಲ, ಈ ಥರದ್ದು ನಾಲ್ಕೈದು ಇವೆ, ನಿಮ್ಮ ಫೋನಲ್ಲಿ ಯಾವುದಿದ್ರೂ ಇದನ್ನ ಓದಿ.

ಮೊದ್ಲು ಒಳ್ಳೇದು ಹೇಳ್ತೀನಿ. ಕನ್ನಡದಲ್ಲಿ ಮಾತಾಡುತ್ತೆ, ಓದಕ್ಕೆ ಕಷ್ಟ ಪಡೋ ನಮ್ಮಪ್ಪಂಗೆ ಅದೇ ದೊಡ್ಡ ಸಹಾಯ. ಅಂಗಮಾರಿ ಬಂದಾಗ ಎಲೆ ಮೇಲೆ ಉಂಗುರ ಉಂಗುರ ಕಂದು ಮಚ್ಚೆ ಬೀಳುತ್ತಲ್ಲ, ಅದನ್ನ ಮೂರು ಸಲನೂ ಸರಿಯಾಗಿ ಹೇಳ್ತು.

ಎಡವಟ್ಟಾಗಿದ್ದು ಎರಡನೇ ಬೆಳೇಲಿ. ನಾಟಿ ಮಾಡಿ ಒಂದು ತಿಂಗ್ಳು, ಸುಳಿ ಎಲೆ ಮೇಲಕ್ಕೆ ಮುದುಡ್ಕೊಂಡು ಹಳದಿ ತಿರುಗಕ್ಕೆ ಶುರುವಾಯ್ತು, ಫೋಟೋ ಹಾಕಿದ್ವಿ. ಪೋಷಕಾಂಶದ ಕೊರತೆ, 96 ಪರ್ಸೆಂಟ್ ಖಚಿತ ಅಂತು, ಅದರ ಕೆಳಗೇ ಒಂದು ಬಾಟ್ಲಿ ಚಿತ್ರ, ಈಗಲೇ ಖರೀದಿಸಿ ಅನ್ನೋ ಬಟನ್ನು. ಅಪ್ಪ ಆ 96 ನೋಡಿ ನಂಬಿದ್ರು, ನಾನೂ ನಂಬಿದೆ, ಎರಡು ಸಲ ಹೊಡೆದ್ವಿ, ಹನ್ನೆರಡು ದಿನ ಹೋಯ್ತು, ಅಷ್ಟರಲ್ಲಿ ಒಂದು ಸಾಲಲ್ಲಿ ಇದ್ದಿದ್ದು ಕಾಲು ಭಾಗ ತೋಟಕ್ಕೆ ಹಬ್ಬಿತ್ತು. ಟೊಮ್ಯಾಟೊದವರಿಗೆ ಹನ್ನೆರಡು ದಿನ ಅಂದ್ರೆ ಏನು ಅಂತ ಗೊತ್ತು. 2023ರ ಜುಲೈನಲ್ಲಿ ನಮ್ಮ ಕೋಲಾರ ಮಾರ್ಕೆಟ್ಟಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತ್ತು, ರೇಟು ಬಿದ್ದಾಗ ಅದೇ ಬಾಕ್ಸು ಕಿತ್ತ ಕೂಲಿಗೂ ಸಾಲಲ್ಲ, ಒಳ್ಳೆ ರೇಟಿಗೆ ಬೆಳೆ ಸಿಗೋದು ಅಪರೂಪ.

ಆಮೇಲೆ ಗಿಡ ಕಿತ್ಕೊಂಡು ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದ್ವಿ. ಅಲ್ಲಿ ಮೇಡಂ ಒಬ್ರು ಮೊದ್ಲು ಮಾಡಿದ್ದೇ ಎಲೆ ತಿರುಗಿಸಿ ಕೆಳಗಡೆ ನೋಡಿದ್ದು. ಬಿಳಿ ನೊಣ. ಯಾವ ತಳಿ ಹಾಕಿದೀರ, ಪಕ್ಕದ ತೋಟದಲ್ಲಿ ಏನಿದೆ, ಹಳೇ ಬೆಳೆ ಕಿತ್ತು ಹಾಕಿದ್ರಾ ಹಂಗೇ ಬಿಟ್ರಾ ಅಂತೆಲ್ಲಾ ಕೇಳಿ, ಇದು ಎಲೆ ಮುದುಡು ರೋಗ, ಈ ನೊಣ ಹರಡೋ ವೈರಸ್ಸು, ಬಂದ ಗಿಡಕ್ಕೆ ಔಷಧಿ ಇಲ್ಲ, ಅವನ್ನ ಕಿತ್ತು ಹೂತುಬಿಡಿ, ನೊಣ ಹತೋಟಿ ಮಾಡಿ, ಹಳದಿ ಅಂಟು ಕಾರ್ಡ್ ಕಟ್ಟಿ, ಮುಂದಿನ ಸಲ ಅರ್ಕಾ ರಕ್ಷಕ್ ಥರ ರೋಗ ತಡ್ಕೊಳೋ ತಳಿ ನೋಡಿ ಅಂದ್ರು. ಆಪ್ ನಮ್ಮನ್ನ ಒಂದೇ ಒಂದು ಪ್ರಶ್ನೆ ಕೇಳಿರ್ಲಿಲ್ಲ.

ಮನೆಗೆ ಬಂದು ಈ 96 ಎಲ್ಲಿಂದ ಬರುತ್ತೆ ಅಂತ ಹುಡುಕಿ ಓದಿದೆ. ಇಂಥ ಆಪ್ ಒಳಗೆ ಫೋಟೋ ನೋಡಿ ರೋಗ ಗುರುತಿಸೋ ಎಐ ಮಾಡೆಲ್‌ಗಳು ತಮಗೆ ಕಲಿಸಿರೋ ರೋಗಗಳ ಪಟ್ಟಿ ಒಳಗೇ 100 ಮಾರ್ಕ್ಸ್ ಹಂಚೋದು ಮಾಮೂಲಂತೆ, ಪಟ್ಟೀಲಿ ಇಲ್ದೇ ಇರೋದು ಬಂದ್ರೂ ಯಾವುದಕ್ಕೋ ಒಂದಕ್ಕೆ ಹಾಕಿಬಿಡುತ್ತೆ, ಹಂಗಾಗಿ 96 ಅಂದ್ರೆ ನಮ್ಮ ತೋಟದಲ್ಲಿ 100ಕ್ಕೆ 96 ಸಲ ಸರಿ ಅಂತಲ್ಲ. 2016ರಲ್ಲಿ ಪ್ಲಾಂಟ್‌ವಿಲೇಜ್ ಅನ್ನೋ ಫೋಟೋ ಸಂಗ್ರಹದ 54 ಸಾವಿರಕ್ಕೂ ಜಾಸ್ತಿ ಎಲೆ ಫೋಟೋ ಇಟ್ಕೊಂಡು ಮಾಡಿದ ಅಧ್ಯಯನ ಒಂದಿದೆ. ಕಿತ್ತ ಎಲೆ, ಹಿಂದೆ ಖಾಲಿ ಜಾಗ, ಅಂಥ ಫೋಟೋದಲ್ಲೇ ಪರೀಕ್ಷೆ ಮಾಡಿದಾಗ ಮಾಡೆಲ್‌ನ ಸರಿ ಉತ್ತರ 99 ಪರ್ಸೆಂಟ್ ದಾಟ್ತು, ಬೇರೆ ಥರ ತೆಗೆದ ಫೋಟೋ ಕೊಟ್ಟಾಗ 31 ಚಿಲ್ಲರೆಗೆ ಇಳೀತು. ನನಗೆ ಇಷ್ಟ ಆಗಿದ್ದು ಏನಂದ್ರೆ ಆ 31ನ್ನ ಅದನ್ನ ಮಾಡಿದ ವಿಜ್ಞಾನಿಗಳೇ ಪೇಪರಲ್ಲಿ ಬರೆದಿದಾರೆ, ಮುಚ್ಚಿಟ್ಟಿಲ್ಲ. ನಾನು ಈ ಆಪ್‌ನವರ ಹತ್ರ ಕೇಳ್ತಿರೋದೂ ಅಷ್ಟೇ. ಮಿಷನ್ ತಪ್ಪು ಮಾಡುತ್ತೆ, ಮನುಷ್ಯರೂ ಮಾಡ್ತಾರೆ, ಆದ್ರೆ ನಂಗೆ ಸರಿಯಾಗಿ ಗೊತ್ತಾಗ್ತಿಲ್ಲ, ಎಲೆ ಕೆಳಗಡೆದು ಇನ್ನೊಂದು ಫೋಟೋ ಕೊಡಿ ಅಂತ ಹೇಳಕ್ಕೆ ಅದಕ್ಕೆ ಕಲಿಸಬೇಕಾದವರು ಮನುಷ್ಯರೇ ಅಲ್ವಾ. ರೋಗ ಹೇಳೋ ಜಾಗದಲ್ಲೇ ಬಾಟ್ಲಿ ಮಾರಬೇಕು ಅಂತ ತೀರ್ಮಾನ ಮಾಡಿದ್ದೂ ಮನುಷ್ಯರೇ.

ಇನ್ನೊಂದು ವಿಷ್ಯ. ಫೋಟೋ ಹಾಕಿದ ವಾರಕ್ಕೆಲ್ಲಾ ಗೊಬ್ಬರ, ಔಷಧಿ ಮಾರೋರ ಫೋನು ಬರಕ್ಕೆ ಶುರುವಾಯ್ತು, ನಂಬರ್ ಎಲ್ಲಿಂದ ಹೋಯ್ತು ಅಂತ ಇವತ್ತಿಗೂ ಗೊತ್ತಾಗಿಲ್ಲ. ಆಪ್ ಪೂರ್ತಿ ಕನ್ನಡ, ಆದ್ರೆ ಒಪ್ಪಿಗೆ ಕೇಳೋ ಪುಟ ಮಾತ್ರ ಉದ್ದಕ್ಕೂ ಇಂಗ್ಲಿಷ್, ಅಪ್ಪ ಏನು ಅಂತ ಒಪ್ಪಿಗೆ ಒತ್ತಿದ್ರು ಹೇಳಿ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಅಂತ 2023ರಲ್ಲಿ ಪಾಸಾಗಿದೆ, ಸಂವಿಧಾನದ 8ನೇ ಶೆಡ್ಯೂಲಲ್ಲಿರೋ ಭಾಷೆಗಳಲ್ಲೂ ಒಪ್ಪಿಗೆ ಕೇಳೋ ನೋಟಿಸ್ ಓದೋ ಆಯ್ಕೆ ಕೊಡಬೇಕು ಅಂತ ಅದರಲ್ಲೇ ಇದೆ, ಕನ್ನಡ ಆ ಪಟ್ಟೀಲಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಅಲ್ಲಿನ ಹುಡುಗ ಮರ್ಯಾದೆಯಿಂದಲೇ ಮಾತಾಡ್ದ, ಆದ್ರೆ ಅದು ಎಐ ಹೇಳಿದ್ದು ಸಾರ್, ನಾವೇನು ಮಾಡಕ್ಕಾಗಲ್ಲ ಅಂದ. ಈ ಉತ್ತರ ನಂಗೆ ಬೆಳೆ ಹೋಗಿದ್ದಕ್ಕಿಂತ ಜಾಸ್ತಿ ಬೇಜಾರು ಮಾಡ್ತು. 2021ರಲ್ಲಿ ವಿಶ್ವಸಂಸ್ಥೆಯ ಯುನೆಸ್ಕೋದಲ್ಲಿ ದೇಶಗಳೆಲ್ಲಾ ಸೇರಿ ಎಐ ನೈತಿಕತೆ ಬಗ್ಗೆ ಶಿಫಾರಸು ಒಪ್ಕೊಂಡಿವೆ, ಎಐ ಮಾಡೋ ಕೆಲಸಕ್ಕೆ ಹೊಣೆ ಮನುಷ್ಯರ ಮೇಲೇ ಇರಬೇಕು ಅಂತ ಅದರಲ್ಲಿ ಬರೆದಿದೆ. ವೇಮಗಲ್ ತೋಟಕ್ಕೂ ಅದು ಸೇರುತ್ತೆ ಅಂತ ನಾನು ಅಂದ್ಕೊಂಡಿದೀನಿ.

ಆಪ್ ಡಿಲೀಟ್ ಮಾಡಿಲ್ಲ. ಮಚ್ಚೆ ರೋಗಕ್ಕೆ ಈಗ್ಲೂ ನೋಡ್ತೀವಿ, ಎಲೆ ಮುದುಡಿದ್ರೆ ಮಾತ್ರ ಸೀದಾ ಟಮಕಕ್ಕೆ ಹೋಗ್ತೀವಿ, ಅದರಲ್ಲಿರೋ ಬಾಟ್ಲಿ ಅಂತೂ ತಗೊಳಲ್ಲ. 5ಕ್ಕೆ 2 ಸ್ಟಾರ್, ಎರಡೂ ಕನ್ನಡಕ್ಕೆ ಮತ್ತೆ ಅಂಗಮಾರಿಗೆ. ಗೊತ್ತಿಲ್ಲ ಅಂತ ಹೇಳೋದು ಅದಕ್ಕೆ ಬಂದ ದಿನ, ಆ ಖರೀದಿ ಬಟನ್ನು ಬೇರೆ ಪುಟಕ್ಕೆ ಹೋದ ದಿನ ಬಂದು ಸ್ಟಾರ್ ಬದಲಾಯಿಸ್ತೀನಿ.